ತರ, ತಮ, ತಾರತಮ್ಯ

ಮಕ್ಕಳು ಶಾಲೆಯಿಂದ ತರುವ ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ಕೆಂಪು ಮಸಿ ತಪ್ಪದೆ ಬೀಳುವ ಕೆಲವು ಸ್ಥಳಗಳುಂಟು. 'ಮೋರ್ ಟಾಲರ್' ಅವುಗಳಲ್ಲೊಂದು. ಅದನ್ನು ಕಂಡೊಡನೆ ತಂದೆ ಗದರುತ್ತಾರೆ. ತಾಯಿ ನಡುವೆ ಬರುತ್ತಾರೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗನಿಗೆ ಬಂದ ಅಂಕಗಳ ಮಾತು ಹೊರಡುತ್ತದೆ. ಹೋಲಿಕೆಯ ಪಾಠದಲ್ಲಿ ತಪ್ಪಿದ ಮಗುವಿಗೆ ಹೋಲಿಕೆಯಿಂದಲೇ ಶಿಕ್ಷೆ!

ಆದರೆ ಈ ತಪ್ಪು ಅಲಕ್ಷ್ಯದಿಂದ ಹುಟ್ಟಿದುದಲ್ಲ. 'ಸೋಮನು ರಾಮನಿಗಿಂತ ಎತ್ತರ' ಎಂಬಲ್ಲಿ 'ಎತ್ತರ' ಎಂಬ ಶಬ್ದ ಸ್ವಲ್ಪವೂ ಕದಲುವುದಿಲ್ಲ. ಹೋಲಿಕೆಯ ಭಾರವನ್ನೆಲ್ಲ ರಾಮನಿಗೆ ಅಂಟಿಕೊಂಡ 'ಗಿಂತ' ಹೊರುತ್ತದೆ. 'ಎಲ್ಲರಿಗಿಂತ ಎತ್ತರ' ಎಂದಾಗಲೂ ಅಷ್ಟೆ. ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ ವಿಶೇಷಣವೇ ವೇಷ ಬದಲಿಸಬೇಕು: ಟಾಲ್, ಟಾಲರ್, ಟಾಲೆಸ್ಟ್. 'ದ್ಯಾನ್' ಎಂದರೆ 'ಗಿಂತ' ಎಂದು ಕಲಿತ ಮಗು ಅಲ್ಲಿಗೇ ಕೆಲಸ ಮುಗಿಯಿತೆಂದು ಭಾವಿಸಿ 'ಟಾಲ್ ದ್ಯಾನ್' ಎಂದು ಬರೆಯುತ್ತದೆ. ಒಮ್ಮೆ ಅದಕ್ಕೆ ಬೈಸಿಕೊಂಡ ಮೇಲೆ, ಮರುಸಲ ಭಯದಿಂದ ಇದ್ದಬದ್ದ ಗುರುತುಗಳನ್ನೆಲ್ಲ ಸೇರಿಸಿಬಿಡುತ್ತದೆ.

ನಿಯಮವೇನೋ ಸರಳ. ಒಂದೇ ಉಸಿರಿಗೆ ಮುಗಿಯುವ ಚಿಕ್ಕ ಶಬ್ದಕ್ಕೂ 'ಹ್ಯಾಪಿ'ಯಂತಹ ಶಬ್ದಕ್ಕೂ ಬಾಲ ಸೇರುತ್ತದೆ. 'ಬ್ಯೂಟಿಫುಲ್'ನಂತಹ ಉದ್ದನೆಯ ಶಬ್ದದ ಮುಂದೆ 'ಮೋರ್', 'ಮೋಸ್ಟ್' ನಿಲ್ಲುತ್ತವೆ. ಎರಡೂ ಒಟ್ಟಿಗೆ ಸಲ್ಲವು. 'ಗುಡ್, ಬೆಟರ್, ಬೆಸ್ಟ್' ಮಾತ್ರ ಬಾಯಿಪಾಠದಿಂದಲೇ ಬರಬೇಕು.

ಆಂಗ್ಲರಾದರೂ ಈ ಕಟ್ಟನ್ನು ಎಂದಿನಿಂದಲೂ ಪಾಲಿಸಿದವರಲ್ಲ. ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಬ್ರೂಟಸ್ ಇರಿದ ಗಾಯವನ್ನು ತೋರಿಸುವ ಆಂಟನಿ, ಒಂದೇ ವಿಶೇಷಣಕ್ಕೆ ಮುಂದೆ 'ಮೋಸ್ಟ್', ಹಿಂದೆ 'ಎಸ್ಟ್' ಎರಡನ್ನೂ ಹಚ್ಚುತ್ತಾನೆ. ಆ ಕಾಲದಲ್ಲಿ ಅದು ಮಾತಿಗೆ ಬಲ ತರುವ ರೀತಿಯಾಗಿತ್ತು. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಇಂತಹ ಇಮ್ಮಡಿ ಪ್ರಯೋಗವನ್ನು ಅಶುದ್ಧವೆಂದು ತಳ್ಳಿದನು. ಶಾಲೆಯ ಕೆಂಪು ಮಸಿ ಹರಿದುಬಂದುದು ಇಂತಹ ವ್ಯಾಕರಣಗಳಿಂದ.

ಇನ್ನು, ಈ ಬಾಲಗಳು ಕನ್ನಡಿಗರಿಗೆ ತೀರ ಅಪರಿಚಿತವೂ ಅಲ್ಲ. ಸಂಸ್ಕೃತದಲ್ಲಿ ಸ್ವಾದು, ಸ್ವಾದೀಯಸ್, ಸ್ವಾದಿಷ್ಠ. ಇಂಗ್ಲಿಷಿನಲ್ಲಿ ಸ್ವೀಟ್, ಸ್ವೀಟರ್, ಸ್ವೀಟೆಸ್ಟ್. ಧಾತುವೂ ಒಂದೇ, ಪ್ರತ್ಯಯವೂ ಒಂದೇ ಮೂಲದ್ದು. ಜ್ಯೇಷ್ಠ, ಕನಿಷ್ಠ, ಬಲಿಷ್ಠ, ಶ್ರೇಷ್ಠ, ಎಲ್ಲವೂ ಇದೇ ಕುಲದವು. ಸಂಸ್ಕೃತದ ಇನ್ನೊಂದು ಜೋಡಿ 'ತರ', 'ತಮ'; ಅವುಗಳಿಂದಲೇ ಕನ್ನಡಿಗರು ದಿನವೂ ಬಳಸುವ 'ತಾರತಮ್ಯ' ಹುಟ್ಟಿತು. 'ಶ್ರೇಷ್ಠ' ಎಂದರೇ ಎಲ್ಲಕ್ಕಿಂತ ಮೇಲಾದುದು. ಆದರೂ ಮಗುವನ್ನು ಗದರಿದ ತಂದೆಯೇ ಅಭಿನಂದನಪತ್ರ ಬರೆಯುವಾಗ 'ಅತ್ಯಂತ ಶ್ರೇಷ್ಠ' ಎನ್ನುತ್ತಾರೆ. ಉತ್ಸಾಹ ಹೆಚ್ಚಿದರೆ 'ಶ್ರೇಷ್ಠತಮ'ಕ್ಕೂ ಏರುತ್ತಾರೆ. ಅದು 'ಮೋರ್ ಟಾಲರ್'ನ ಒಡಹುಟ್ಟೇ ಸರಿ.

ಕಚೇರಿಯಲ್ಲಿಯೂ ಅವರಿಗೊಂದು ಪರೀಕ್ಷೆ ಕಾದಿರುತ್ತದೆ. ಬಡ್ತಿಯ ಅರ್ಜಿಯಲ್ಲಿ 'ಸೀನಿಯರ್ ದ್ಯಾನ್' ಎಂದು ಬರೆದವರು ಎಷ್ಟೋ ಮಂದಿ. 'ಸೀನಿಯರ್', 'ಜೂನಿಯರ್', 'ಸುಪೀರಿಯರ್' ಇವು ಲ್ಯಾಟಿನ್ನಿನಲ್ಲಿಯೇ 'ತರ' ಭಾವವನ್ನು ಪಡೆದು ಬಂದ ಶಬ್ದಗಳು. ಅವಕ್ಕೆ 'ಮೋರ್' ಬೇಡ, 'ದ್ಯಾನ್' ಒಗ್ಗದು, 'ಟು' ಬೇಕು. ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ: 'ಅವರು ನನಗೆ ಹಿರಿಯರು' ಎಂಬಲ್ಲಿನ 'ಗೆ'ಯೇ ಆ 'ಟು'.

'ಎಲ್ಡರ್' ಎಂಬುದರ ಹಟ ಬೇರೆ. ಅದು ಮನೆಯೊಳಗಿನ ಶಬ್ದ. 'ಎಲ್ಡರ್ ಬ್ರದರ್' ಎನ್ನಬಹುದು, 'ದ್ಯಾನ್' ಬಂದರೆ ಮಾತ್ರ 'ಓಲ್ಡರ್' ಬರಬೇಕು. ಇಬ್ಬರೇ ಮಕ್ಕಳಿದ್ದರೆ 'ಎಲ್ಡೆಸ್ಟ್' ಕೂಡದೆಂದು ಉಪಾಧ್ಯಾಯರು ತಿದ್ದುತ್ತಾರೆ. ಕನ್ನಡದ ಮಗುವಿಗೆ ಈ ತೊಡಕು ಹೊಸದು. ಅದು ಮಾತು ಕಲಿತ ದಿನದಿಂದ 'ಅಣ್ಣ' ಎಂಬ ಒಂದೇ ಶಬ್ದದಲ್ಲಿ ಅಷ್ಟನ್ನೂ ಹೇಳಿ ಮುಗಿಸಿರುತ್ತದೆ.