ಗುಲಾಬಿ ಅಂಗಿ ಕಳಕೊಂಡ ಹುಡುಗ

ನಾಳೆ ಅಹಮದಾಬಾದ್‌ನಲ್ಲಿ ಫೈನಲ್. ಆರ್‌ಸಿಬಿ ಬಿಟ್ಟು ಬೇರೆ ಏನು ಮಾತಾಡಿದರೂ ಇವತ್ತು ಕೇಳೋರಿಲ್ಲ ಅಂತ ನಮ್ಮ ಪ್ರೊಡ್ಯೂಸರ್ ಬೆಳಗ್ಗೆಯೇ ಎಚ್ಚರಿಸಿದ್ದಾರೆ. ಆದರೂ ಹತ್ತು ನಿಮಿಷ ಕೇಳಿ ತಗೊಂಡೆ. ಯಾಕಂದ್ರೆ ಶನಿವಾರ ರಾತ್ರಿ ನಾನು ನೋಡಿದ ಒಂದು ಸೋಲು ಎರಡು ದಿನದಿಂದ ತಲೆಯಿಂದ ಇಳೀತಾ ಇಲ್ಲ.

ಸೋತವನ ಹೆಸರು ಇಸಾಕ್ ಡೆಲ್ ಟೋರೊ. ಮೆಕ್ಸಿಕೊ ದೇಶದ ಹುಡುಗ, ವಯಸ್ಸು 21. ಸೋತಿದ್ದು ಜಿರೊ ಡಿ ಇಟಾಲಿಯಾ ಅನ್ನೋ ಸೈಕಲ್ ರೇಸ್. ಟೂರ್ ಡಿ ಫ್ರಾನ್ಸ್ ಹೆಸರು ಕೇಳಿರ್ತೀರಿ, ಇದು ಅದರ ಇಟಲಿಯ ಅಣ್ಣತಮ್ಮ ಅಂದ್ಕೊಳ್ಳಿ. 1909ರಿಂದ ನಡೀತಿದೆ. ಮೂರು ವಾರ, 21 ಹಂತ, ಮೂರು ಸಾವಿರ ಕಿಲೋಮೀಟರಿಗೂ ಮೇಲೆ. ದಿನಾ ಒಂದು ಹಂತ, ದಿನಾ ಒಬ್ಬ ವಿಜೇತ. ಆದರೆ ನಿಜವಾದ ಆಟ ಅದಲ್ಲ. ಎಲ್ಲ ದಿನಗಳ ಸಮಯ ಕೂಡಿಸಿದಾಗ ಯಾರದ್ದು ಕಡಿಮೆಯೋ ಅವನು ಚಾಂಪಿಯನ್. ಆ ಕೂಡುಲೆಕ್ಕದಲ್ಲಿ ಇವತ್ತಿನವರೆಗೆ ಯಾರು ಮುಂದಿದ್ದಾನೋ ಅವನಿಗೆ ನಾಳೆ ಹಾಕ್ಕೊಳ್ಳೋಕೆ ಗುಲಾಬಿ ಅಂಗಿ ಕೊಡ್ತಾರೆ. ಗುಲಾಬಿ ಯಾಕೆ? ರೇಸ್ ಶುರು ಮಾಡಿದ ಗಜೆಟ್ಟಾ ಡೆಲ್ಲೊ ಸ್ಪೋರ್ಟ್ ಪತ್ರಿಕೆ ಅಚ್ಚಾಗೋದೇ ಗುಲಾಬಿ ಬಣ್ಣದ ಕಾಗದದಲ್ಲಿ.

ಒಂಬತ್ತನೇ ಹಂತದಲ್ಲಿ, ಸಿಯೆನಾ ಊರಿನ ಮಣ್ಣಿನ ರಸ್ತೆಗಳಲ್ಲಿ, ಈ ಹುಡುಗ ಆ ಅಂಗಿ ತೊಟ್ಟ. ಅದನ್ನ ತೊಟ್ಟ ಮೊದಲ ಮೆಕ್ಸಿಕನ್ ಅವನೇ. ಹದಿನಾರನೇ ಹಂತದಲ್ಲಿ ಬೆಟ್ಟದ ಮೇಲೆ ಸುಸ್ತಾದ, ಮುನ್ನಡೆ 26 ಸೆಕೆಂಡಿಗೆ ಇಳೀತು. ಮುಗೀತು ಇವನ ಕಥೆ ಅಂದರು ಎಲ್ಲರೂ. ಮಾರನೇ ದಿನ ಬೊರ್ಮಿಯೊದಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಹಂತ ಗೆದ್ದ! ಅಲ್ಲಿಂದ ನಾನೂ ಅವನ ಅಭಿಮಾನಿ.

ಈಗ ಶನಿವಾರಕ್ಕೆ ಬರೋಣ. ಇಪ್ಪತ್ತನೇ ಹಂತ. ಭಾನುವಾರದ ರೋಮ್ ಹಂತ ಬರೀ ಮೆರವಣಿಗೆ ಇದ್ದ ಹಾಗೆ, ಆದ್ದರಿಂದ ನಿಜವಾದ ಫೈನಲ್ ಶನಿವಾರವೇ. ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಮೊದಲ ಸ್ಥಾನ ಡೆಲ್ ಟೋರೊ. ಎರಡನೆಯವನು ಈಕ್ವೆಡಾರ್‌ನ ರಿಚರ್ಡ್ ಕರಾಪಾಸ್, 43 ಸೆಕೆಂಡ್ ಹಿಂದೆ. ಮೂರನೆಯವನು ಇಂಗ್ಲೆಂಡಿನ ಸೈಮನ್ ಯೇಟ್ಸ್, 1 ನಿಮಿಷ 21 ಸೆಕೆಂಡ್ ಹಿಂದೆ.

ದಾರಿಯಲ್ಲಿ ಕೊಲ್ಲೆ ಡೆಲ್ಲೆ ಫಿನೆಸ್ಟ್ರೆ ಅನ್ನೋ ಘಾಟಿ. ಎತ್ತರ 2178 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತಲೂ ಮೇಲೆ. ಹದಿನೆಂಟೂವರೆ ಕಿಲೋಮೀಟರ್ ಏರು. ಪ್ರತಿ ನೂರು ಮೀಟರಿಗೆ ಸರಾಸರಿ ಒಂಬತ್ತು ಮೀಟರಿಗೂ ಹೆಚ್ಚು ಹತ್ತಬೇಕು. ಕೊನೆಯ ಸುಮಾರು 8 ಕಿಲೋಮೀಟರ್ ಟಾರೂ ಇಲ್ಲ, ಬರೀ ಮಣ್ಣು, ಜಲ್ಲಿ. ಅದನ್ನ ಇಳಿದ ಮೇಲೆ ಸೆಸ್ಟ್ರಿಯೆರೆ ಊರಿನ ಕಡೆಗೆ ಮತ್ತೊಂದು ಏರು, ಆದರೆ ಅದು ಸೌಮ್ಯ. ಅಲ್ಲಿ ಗೆರೆ.

ಘಾಟಿ ಶುರುವಾದ ತಕ್ಷಣ ಕರಾಪಾಸ್ ತಂಡ ಹುಚ್ಚು ವೇಗದಲ್ಲಿ ಹೊರಟಿತು. ಕರಾಪಾಸ್ ಜಿಗಿದ, ಡೆಲ್ ಟೋರೊ ಅವನ ಚಕ್ರಕ್ಕೆ ಅಂಟಿಕೊಂಡ. ಯೇಟ್ಸ್ ತನ್ನದೇ ಲಯದಲ್ಲಿ ನಿಧಾನಕ್ಕೆ ಬಂದು ಇಬ್ಬರನ್ನೂ ಸೇರಿಕೊಂಡ. ಆಮೇಲೆ ಅವನೂ ಜಿಗಿದ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಕೊನೆಗೆ ಒಂದು ಸಲ ಹೋದವನು ಹೋಗೇ ಬಿಟ್ಟ. ಇವರಿಬ್ಬರು ಏನು ಮಾಡಿದರು ಗೊತ್ತಾ? ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇಲ್ಲಿ ಸ್ವಲ್ಪ ನನ್ನ ಎಂಜಿನಿಯರಿಂಗ್ ಪುಸ್ತಕ ತೆಗೀತೀನಿ, ಬೇಜಾರು ಮಾಡ್ಕೋಬೇಡಿ. ನಾಲ್ಕು ವರ್ಷ ಓದಿದ್ದು ಟೆಲಿಪ್ರಾಂಪ್ಟರ್ ಮುಂದೆ ಉಪಯೋಗಕ್ಕೆ ಬರೋದು ಅಪರೂಪ.

ಸೈಕಲ್ ತುಳಿಯೋನಿಗೆ ದೊಡ್ಡ ಶತ್ರು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯನ್ನ ಸೀಳೋಕೆ ಬೇಕಾದ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು ಆಗುತ್ತೆ. ಅದಕ್ಕೇ ಸಮತಟ್ಟು ರಸ್ತೆಯಲ್ಲಿ ಯಾರೂ ಮುಂದೆ ಇರೋಕೆ ಇಷ್ಟಪಡಲ್ಲ. ಮುಂದಿನವನು ಗಾಳಿ ಸೀಳ್ತಾನೆ, ಹಿಂದಿನವನು ಆ ನೆರಳಲ್ಲಿ ಕೂತು ಶಕ್ತಿ ಉಳಿಸ್ಕೊಳ್ತಾನೆ. ಹೆದ್ದಾರಿಯಲ್ಲಿ ಲಾರಿಯ ಬೆನ್ನಿಗೆ ಬಂದಾಗ ಬೈಕ್ ತಾನಾಗೇ ಹಗುರಾದ ಹಾಗೆ ಅನಿಸುತ್ತಲ್ಲ, ಅದೇ ವಿದ್ಯೆ. (ದಯವಿಟ್ಟು ಪ್ರಯೋಗ ಮಾಡಬೇಡಿ.) ವಿಜಯಪುರ, ಬಾಗಲಕೋಟೆ ಕಡೆಯ ವೀಕ್ಷಕರಿಗೆ ಇದನ್ನ ನಾನು ಹೇಳಿಕೊಡಬೇಕಾಗಿಲ್ಲ, ಅಲ್ಲಿನ ಸೈಕಲ್ ಹುಡುಗರು ನನಗೇ ಪಾಠ ಮಾಡ್ತಾರೆ.

ಆದರೆ ಕಡಿದಾದ ಏರಿನಲ್ಲಿ ಕಥೆ ಬೇರೆ. ನಾನೊಂದು ಅಂದಾಜು ಲೆಕ್ಕ ಹಾಕಿದೆ. ಫಿನೆಸ್ಟ್ರೆಯಂಥ ಘಾಟಿಯಲ್ಲಿ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹತ್ತುವವನು ತನ್ನ ಭಾರವನ್ನ ಮೇಲೆತ್ತೋಕೆ ಮುನ್ನೂರು ವ್ಯಾಟ್‌ಗೂ ಮೇಲೆ ಸುರೀತಾನೆ. ಗಾಳಿಗೆ ಹೋಗೋದು ಇಪ್ಪತ್ತು ಚಿಲ್ಲರೆ ವ್ಯಾಟ್ ಅಷ್ಟೇ. ಅಂದ್ರೆ ಅಲ್ಲಿ ಯಾರ ಹಿಂದೆ ಅಡಗಿದರೂ ದೊಡ್ಡ ಉಳಿತಾಯ ಇಲ್ಲ. ಆದರೆ ಇಳಿದು ಬಂದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಿಸುವಾಗ ಬಹುಪಾಲು ಶಕ್ತಿ ಗಾಳಿಯ ಪಾಲು. ಅಲ್ಲಿ ಒಂಟಿಯಾಗಿ ಇರೋದೂ ಒಬ್ಬರ ಬೆನ್ನ ಹಿಂದೆ ಇರೋದೂ ಆಕಾಶ ಭೂಮಿ ಅಂತರ.

ಇದನ್ನ ಯೇಟ್ಸ್ ತಂಡ ಬೆಳಗ್ಗೆಯೇ ಯೋಚಿಸಿ ಇಟ್ಟಿತ್ತು. ಬೆಲ್ಜಿಯಂನ ವೌಟ್ ವಾನ್ ಆರ್ಟ್, ದೊಡ್ಡ ಆಳು, ಸಮತಟ್ಟಿನ ರಸ್ತೆಯಲ್ಲಿ ರೈಲ್ವೆ ಎಂಜಿನ್ ಇದ್ದ ಹಾಗೆ. ಅವನನ್ನ ಮೊದಲೇ ಮುಂದಿನ ಗುಂಪಿನ ಜೊತೆ ಕಳಿಸಿದ್ದರು. ಯೇಟ್ಸ್ ಒಬ್ಬನೇ ಘಾಟಿ ದಾಟಿ ಆಚೆ ಬಂದಾಗ ವಾನ್ ಆರ್ಟ್ ಅವನಿಗಾಗಿ ಕಾಯ್ತಾ ಇದ್ದ. ಎಲ್ಲಿ ಗಾಳಿಯ ಆಟ ಶುರುವಾಗುತ್ತೋ ಸರಿಯಾಗಿ ಅಲ್ಲಿ ಯೇಟ್ಸ್‌ಗೆ ಒಂದು ಗೋಡೆ ಸಿಕ್ಕಿತು.

ಮತ್ತೆ ನಮ್ಮ ಇಬ್ಬರ ಕಡೆ ಬನ್ನಿ. ಎಂಜಿನಿಯರಿಂಗ್‌ನಲ್ಲಿ ನಮಗೆ ಕೈದಿಗಳ ಸಂದಿಗ್ಧ ಅಂತ ಒಂದು ಪಾಠ ಇತ್ತು. ಇಬ್ಬರು ಕೈದಿಗಳು, ಇಬ್ಬರೂ ಒಬ್ಬರನ್ನೊಬ್ಬರು ನಂಬಿದರೆ ಇಬ್ಬರಿಗೂ ಒಳ್ಳೇದು. ಆದರೆ ಇನ್ನೊಬ್ಬ ಮೋಸ ಮಾಡ್ತಾನೆ ಅನ್ನೋ ಭಯಕ್ಕೆ ಇಬ್ಬರೂ ಮೋಸ ಮಾಡ್ತಾರೆ, ಇಬ್ಬರೂ ಕೆಡ್ತಾರೆ. ಶನಿವಾರ ಅದು ಪುಸ್ತಕದಿಂದ ಎದ್ದು ಸೈಕಲ್ ಹತ್ತಿತ್ತು. ಡೆಲ್ ಟೋರೊ ಲೆಕ್ಕ: ನಾನು ಮುಂದೆ ಹೋಗಿ ಯೇಟ್ಸ್‌ನನ್ನ ಬೆನ್ನಟ್ಟಿದರೆ ಕರಾಪಾಸ್ ನನ್ನ ಹಿಂದೆ ಆರಾಮಾಗಿ ಕೂತು, ಕೊನೇ ಏರಿನಲ್ಲಿ ನನ್ನನ್ನೇ ಹೊಡೀತಾನೆ. ಕರಾಪಾಸ್ ಲೆಕ್ಕ: ಯೇಟ್ಸ್‌ನನ್ನ ನಾನು ಹಿಡಿದುಕೊಟ್ಟರೆ ಗೆಲ್ಲೋದು ಡೆಲ್ ಟೋರೊ, ನನಗೇನು ಸಿಕ್ಕಿತು? ಅಂಗಿ ಯಾರ ಮೈಮೇಲಿದೆಯೋ ಅವನೇ ಕಾಪಾಡ್ಕೊಳ್ಳಲಿ.

ಇಬ್ಬರದ್ದೂ ತಪ್ಪಲ್ಲ. ಅದೇ ತಮಾಷೆ. ಮೂರನೆಯವನ ಅಂತರ ಮಾತ್ರ ಬೆಳೀತಾನೇ ಹೋಯ್ತು. ಘಾಟಿಯ ತುದಿಗೆ ಬರುವಾಗ 1 ನಿಮಿಷ 21 ಸೆಕೆಂಡ್ ದಾಟಿತ್ತು, ಅಂದ್ರೆ ಲೆಕ್ಕದಲ್ಲಿ ಗುಲಾಬಿ ಅಂಗಿ ಆಗಲೇ ಯೇಟ್ಸ್ ಮೈಮೇಲಿತ್ತು. ಆಗಲಾದರೂ ಎಚ್ಚೆತ್ತರಾ? ಇಲ್ಲ. ಇಳಿಜಾರು ಮುಗಿದು, ಕಣಿವೆ ಮುಗಿದು, ಇಬ್ಬರೂ ಇನ್ನೂ ನೀ ಎಳಿ, ನೀ ಎಳಿ ಅಂತಾನೇ ಇದ್ದರು. ಇದನ್ನ ಕೇಳಿ ನಿಮಗೆ ಯಾರಾದರೂ ರಾಜಕಾರಣಿಗಳ ನೆನಪಾದರೆ ಅದು ನಿಮ್ಮ ಊಹೆ, ನನ್ನ ಮೇಲೆ ಹಾಕಬೇಡಿ.

ಗೆರೆ ದಾಟಿದಾಗ ಇವರು ಯೇಟ್ಸ್‌ಗಿಂತ ಐದು ನಿಮಿಷಕ್ಕೂ ಹೆಚ್ಚು ಹಿಂದೆ. ನಿನ್ನೆ ರೋಮ್‌ನಲ್ಲಿ ಅಂತಿಮ ಲೆಕ್ಕ: ಯೇಟ್ಸ್ ಚಾಂಪಿಯನ್, ಡೆಲ್ ಟೋರೊ 3 ನಿಮಿಷ 56 ಸೆಕೆಂಡ್ ಹಿಂದೆ ಎರಡನೆಯವನು, ಕರಾಪಾಸ್ ಮೂರನೆಯವನು. ಒಟ್ಟು ಎಂಬತ್ತೆರಡು ಗಂಟೆಗೂ ಹೆಚ್ಚು ಸೈಕಲ್ ತುಳಿದ ಮೇಲೆ ನಾಲ್ಕು ನಿಮಿಷದ ವ್ಯತ್ಯಾಸ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ.

ಹಾಗಾದ್ರೆ ಹುಡುಗ ದಡ್ಡನಾ? ಎರಡು ದಿನದಿಂದ ಸೈಕಲ್ ಪ್ರಪಂಚ ಇದನ್ನೇ ಕೇಳ್ತಿದೆ. ನನ್ನ ಅಭಿಪ್ರಾಯ ಹೇಳ್ತೀನಿ. ಘಾಟಿಯಲ್ಲಿ ಅವನು ಮಾಡಿದ್ದು ಸರಿ. ಕರಾಪಾಸ್ ಆವತ್ತು ಅವನಿಗೆ ಹತ್ತಿರದ ಶತ್ರು, ಅವನನ್ನ ಬಿಡಬಾರದಿತ್ತು, ಬಿಡಲಿಲ್ಲ. ತಪ್ಪಾಗಿದ್ದು ಆಮೇಲೆ, ತುದಿ ದಾಟಿದ ಮೇಲೆ. ಅವನ ಹತ್ತಿರ 43 ಸೆಕೆಂಡಿನ ಉಳಿತಾಯ ಇತ್ತು. ಮುಂದಿನ ಏರು ಸೌಮ್ಯ ಅಂದೆನಲ್ಲ, ನೂರು ಮೀಟರಿಗೆ ನಾಲ್ಕು ಮೀಟರೂ ಇಲ್ಲ. ಅಂಥ ರಸ್ತೆಯಲ್ಲಿ ಹಿಂದೆ ಕೂತವನು ಕೊನೆಗೆ ಜಿಗಿದರೂ 43 ಸೆಕೆಂಡ್ ಕಿತ್ಕೊಳ್ಳೋದು ಬಹಳ ಕಷ್ಟ. ಅಂದ್ರೆ ಸ್ವಲ್ಪ ದುಬಾರಿ ಬೆಲೆ ಕೊಟ್ಟಾದರೂ ಎಳೆಯೋ ತಾಕತ್ತು ಇದ್ದಿದ್ದು ಅವನಿಗೇ. ಸೋಲಿನ ಭಯ ಕರಾಪಾಸ್ ಕಡೆಯಿಂದ ಬರ್ತಿದೆ ಅಂತ ಅವನು ನೋಡ್ತಾ ಇದ್ದ, ಸೋಲು ಮುಂದಿನಿಂದ ಹೋಗ್ತಾ ಇತ್ತು.

ಆದರೆ ಎಲ್ಲವನ್ನೂ 21 ವರ್ಷದವನ ತಲೆಗೆ ಕಟ್ಟೋದನ್ನ ನಾನು ಒಪ್ಪಲ್ಲ. ಈ ರೇಸ್‌ನಲ್ಲಿ ಕಿವಿಯಲ್ಲಿ ರೇಡಿಯೊ ಇರುತ್ತೆ. ಹಿಂದೆ ಕಾರಿನಲ್ಲಿ ತಂಡದ ಅನುಭವಿಗಳು ಕೂತಿರ್ತಾರೆ. ಯೇಟ್ಸ್‌ಗೆ ವಾನ್ ಆರ್ಟ್ ಇದ್ದ. ಇವನಿಗಾಗಿ ಘಾಟಿಯ ಆಚೆ ಕಾಯೋಕೆ ಒಬ್ಬನೂ ಇರಲಿಲ್ಲ. ಈ ಸಲದ ಅತಿ ಬಲಿಷ್ಠ ತಂಡಗಳಲ್ಲಿ ಒಂದು, ಆ ಒಂದು ಗಂಟೆ ಅವನು ಒಂಟಿ. ಇನ್ನೊಂದು ವಿಚಿತ್ರ ಕೇಳಿ, ಡೆಲ್ ಟೋರೊ ತಂಡದಲ್ಲಿ ಆಡಮ್ ಯೇಟ್ಸ್ ಅಂತ ಒಬ್ಬ ಇದ್ದಾನೆ. ಸೈಮನ್ ಯೇಟ್ಸ್‌ನ ಅವಳಿ ಸಹೋದರ!

ಕರಾಪಾಸ್ ವಿಷಯಕ್ಕೂ ಎರಡು ಮಾತು. ರೇಸ್ ಮುಗಿದ ಮೇಲೆ ಅವನು ಸಿಟ್ಟಾಗಿದ್ದ. ಡೆಲ್ ಟೋರೊಗೆ ರೇಸ್ ಆಡೋಕೆ ಬರಲಿಲ್ಲ, ಜಾಣ ಗೆದ್ದ ಅನ್ನೋ ಅರ್ಥದಲ್ಲಿ ಮಾತಾಡಿದ. ಸಿಟ್ಟು ಅರ್ಥ ಆಗುತ್ತೆ. ಆದರೆ ಇದೇ ಕರಾಪಾಸ್ 2019ರಲ್ಲಿ ಇದೇ ಜಿರೊ ಗೆದ್ದಿದ್ದು ಹೇಗೆ? ಆಗಿನ ಇಬ್ಬರು ದೊಡ್ಡ ಹೆಸರುಗಳು, ನಿಬಾಲಿ ಮತ್ತು ರೋಗ್ಲಿಚ್, ಒಬ್ಬರನ್ನೊಬ್ಬರು ನೋಡ್ತಾ ಕೂತಾಗ ಇವನು ಮೂರನೆಯವನಾಗಿ ಜಾರಿಕೊಂಡು ಹೋಗಿದ್ದ.

ಹುಡುಗ ಏನು ಮಾಡಿದ? ನನಗೆ ಈ ಕಥೆ ಹೇಳಬೇಕು ಅನಿಸಿದ್ದೇ ಅದಕ್ಕೆ. ಅವನು ಕರಾಪಾಸ್‌ಗೆ ತಿರುಗಿ ಬೈಯಲಿಲ್ಲ. ತಂಡದವರನ್ನ ದೂರಲಿಲ್ಲ, ಕಾಲು ನೋವು, ಗಾಳಿ, ಮಣ್ಣು ಅಂತ ನೆಪ ಹೇಳಲಿಲ್ಲ. ಯೇಟ್ಸ್‌ಗೆ ಅಭಿನಂದನೆ ಹೇಳಿದ. ಮೂರು ವಾರ ತಾನು ಮಾಡಿದ್ದರ ಬಗ್ಗೆ ಹೆಮ್ಮೆ ಇದೆ ಅಂದ. ಹನ್ನೊಂದು ದಿನ ತೊಟ್ಟ ಅಂಗಿಯನ್ನ ಮುಗಿಯೋಕೆ ಒಂದು ದಿನ ಇದ್ದಾಗ ಬಿಚ್ಚಿಕೊಟ್ಟ ಮೇಲೆ ಮುಖ ಸರಿಯಾಗಿ ಇಟ್ಕೊಳ್ಳೋದು ಸುಲಭ ಅಲ್ಲ. ಸೋತ ಸಂಜೆ ಮೈಕ್ ಮುಂದೆ ಬಂದು ಕೂತ ಎಷ್ಟೋ ದೊಡ್ಡವರನ್ನ ನಾನೇ ಈ ಸ್ಟುಡಿಯೋದಲ್ಲಿ ನೋಡಿದ್ದೀನಿ. ಅವರ ಪಟ್ಟಿ ಓದಿದರೆ ಮುಂದಿನ ಬುಲೆಟಿನ್‌ಗೂ ಸಮಯ ಸಾಲಲ್ಲ.

ಗೆದ್ದವನ ಕಥೆಯನ್ನೂ ಹೇಳದೇ ಬಿಟ್ಟರೆ ಅನ್ಯಾಯ. 2018ರಲ್ಲಿ ಸೈಮನ್ ಯೇಟ್ಸ್‌ಗೆ 25 ವರ್ಷ. ಆಗ ಹದಿಮೂರು ದಿನ ಅವನೇ ಗುಲಾಬಿ ಅಂಗಿ ತೊಟ್ಟಿದ್ದ. ಮುಗಿಯೋಕೆ ಮೂರು ದಿನ ಇದ್ದಾಗ ಒಂದು ಘಾಟಿಯಲ್ಲಿ ಕಾಲು ಸೋತು, ಆ ಒಂದೇ ದಿನ ಅರ್ಧ ಗಂಟೆಗೂ ಹೆಚ್ಚು ಸಮಯ ಕಳಕೊಂಡ. ಕ್ರಿಸ್ ಫ್ರೂಮ್ ಎಂಬತ್ತು ಕಿಲೋಮೀಟರ್ ಒಂಟಿಯಾಗಿ ಓಡಿಸಿ ರೇಸನ್ನ ಕಿತ್ಕೊಂಡು ಹೋದ. ಆ ಘಾಟಿ ಯಾವುದು ಗೊತ್ತಾ? ಇದೇ ಫಿನೆಸ್ಟ್ರೆ. ಶನಿವಾರ ಗೆರೆ ದಾಟಿದ ಮೇಲೆ ಆ ಮನುಷ್ಯ ಮಗು ಥರ ಅತ್ತ.

ಇದನ್ನೆಲ್ಲ ಡೆಸ್ಕ್‌ನಲ್ಲಿ ಹೇಳ್ತಿದ್ದಾಗ ನಮ್ಮ ಪ್ರೊಡ್ಯೂಸರ್ ಕೇಳಿದರು: ‘ನೀನಾಗಿದ್ರೆ ಎಳೀತಿದ್ಯಾ?’ ಎಳೀತಿದ್ದೆ ಅಂದೆ ತಕ್ಷಣ. ಆಮೇಲೆ ಯೋಚಿಸಿದೆ. ನನ್ನ ಮುಂದೆ ಇಡೀ ರಸ್ತೆಯ ನಕ್ಷೆ ಇತ್ತು, ಯೇಟ್ಸ್ ಎಲ್ಲಿದ್ದಾನೆ ಅಂತ ಹೆಲಿಕಾಪ್ಟರ್ ತೋರಿಸ್ತಿತ್ತು, ಕೈಯಲ್ಲಿ ಕಾಫಿ ಲೋಟ. ಅವನ ಮುಂದೆ ಇದ್ದಿದ್ದು ಕರಾಪಾಸ್‌ನ ಬೆನ್ನು ಮಾತ್ರ. ಪ್ರೊಡ್ಯೂಸರ್‌ಗೆ ಇದನ್ನ ಹೇಳೋಣ ಅಂತ ತಿರುಗಿದರೆ ಅವರು ಆಗಲೇ ನಾಳೆಯ ಟಾಸ್ ಬಗ್ಗೆ ಮಾತಾಡ್ತಿದ್ದರು.