ಮುಂದಿದ್ದವನ ಸೋಲು

ಆಟದಲ್ಲಿ ಮೊದಲಿನಿಂದಲೂ ಹಿಂದೆ ಬಿದ್ದವನು ಕೊನೆಗೆ ಸೋತರೆ ಯಾರೂ ಅದರ ಕಾರಣವನ್ನು ಕೇಳುವುದಿಲ್ಲ. ಎದುರಾಳಿ ಬಲಶಾಲಿಯಾಗಿದ್ದ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಗೆಲುವಿಗೆ ಎರಡೇ ಹೆಜ್ಜೆ ಉಳಿದಿರುವಾಗ ಮುಗ್ಗರಿಸಿದವನನ್ನು ಜನ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅವನ ಸೋಲಿಗೆ ಒಂದು ಕಾರಣ ಬೇಕು. ಆ ಕಾರಣ ಅವನ ಸ್ವಭಾವದಲ್ಲಿಯೇ ಸಿಗಬೇಕು. ಆಮೆ ಮತ್ತು ಮೊಲದ ಕಥೆಯನ್ನು ಕೇಳಿ ಬೆಳೆದ ನಮಗೆ ಆ ಕಾರಣ ಸಿದ್ಧವಾಗಿಯೇ ಇರುತ್ತದೆ: ಮುಂದಿದ್ದವನು ಗರ್ವದಿಂದ ಮೈಮರೆತ, ಆದ್ದರಿಂದ ಸೋತ.

ನಮ್ಮ ಮಂಠಾಳದಲ್ಲಿ ನೆರೆಮನೆಯ ಹುಡುಗನೊಬ್ಬನಿದ್ದಾನೆ. ಕೇರಂ ಆಟದಲ್ಲಿ ಅವನ ಕೈ ಬಹಳ ಚೊಕ್ಕ. ಹಬ್ಬದ ದಿನಗಳಲ್ಲಿ ನಡೆದ ಪಂದ್ಯವೊಂದರಲ್ಲಿ ಬಹುದೂರ ಮುಂದೆ ಹೋಗಿದ್ದವನು ಕೊನೆಯ ಎರಡು ಕಾಯಿಗಳನ್ನು ಕಳಿಸಲಾಗದೆ ಸೋತ. ಸುತ್ತ ನಿಂತಿದ್ದ ಹಿರಿಯರು, “ಸೊಕ್ಕು ಬಂದಿತ್ತು ಅವನಿಗೆ” ಎಂದರು. ನಾನು ಹುಡುಗನ ಮುಖವನ್ನು ನೋಡುತ್ತಲೇ ಇದ್ದೆ. ಅಲ್ಲಿ ಸೊಕ್ಕಿನ ಸುಳಿವೂ ಇರಲಿಲ್ಲ. ಹಣೆಯಲ್ಲಿ ಬೆವರು, ಬೆರಳಲ್ಲಿ ನಡುಕ, ಪ್ರತಿ ಹೊಡೆತಕ್ಕೂ ಮೊದಲಿಗಿಂತ ಇಮ್ಮಡಿ ಹೊತ್ತು. ಮೊಲ ನಿದ್ರೆ ಮಾಡಿತ್ತು. ಈತ ಬೇಕಾದುದಕ್ಕಿಂತ ಹೆಚ್ಚು ಎಚ್ಚರವಾಗಿದ್ದ. ಆಮೇಲೆ ಅನೇಕ ತಿಂಗಳು ಅವನು ಹಲಗೆಯ ಹತ್ತಿರ ಸುಳಿಯಲಿಲ್ಲ. ಸೋತದ್ದಕ್ಕಿಂತ ಸೊಕ್ಕಿನವನೆನಿಸಿಕೊಂಡದ್ದೇ ಅವನನ್ನು ನೋಯಿಸಿತ್ತು. ಹಿರಿಯರ ನಿದಾನ ತಪ್ಪಾಗಿತ್ತೆಂದು ನನಗೆ ತೋರುತ್ತದೆ. ನಿದಾನ ತಪ್ಪಿದಲ್ಲಿ ಔಷಧವೂ ತಪ್ಪುತ್ತದೆ.

ಈ ವಿಷಯವನ್ನು ತಿಳಿಯಲು ಪೂಲ್ ಎಂಬ ಆಟ ಬಹಳ ಅನುಕೂಲವಾದದ್ದು. ಅದು ಬಿಲಿಯರ್ಡ್ಸ್ ಮತ್ತು ಸ್ನೂಕರುಗಳ ಬಳಗದ್ದು. ಆ ಎರಡು ಆಟಗಳಲ್ಲಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗೆದ್ದಿರುವ ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಹೆಸರನ್ನು ಕೇಳದವರು ವಿರಳ. ಎಂಟು ಚೆಂಡಿನ ಪೂಲ್ ಎಂಬ ಬಗೆಯಲ್ಲಿ ಮೇಜಿನ ಮೇಲೆ 15 ಬಣ್ಣದ ಚೆಂಡುಗಳಿರುತ್ತವೆ. ತುಂಬು ಬಣ್ಣದ ಏಳು ಒಬ್ಬನಿಗೆ, ಪಟ್ಟೆಯ ಏಳು ಇನ್ನೊಬ್ಬನಿಗೆ. ತನ್ನ ಏಳನ್ನೂ ಬಿಳಿಯ ಚೆಂಡಿನಿಂದ ಹೊಡೆದು ಕುಳಿಗೆ ಕಳಿಸಿದವನು ಕಡೆಯಲ್ಲಿ ಎಂಟನೆಯ ಅಂಕಿಯ ಕಪ್ಪು ಚೆಂಡನ್ನು ಕಳಿಸಿದರೆ ಗೆದ್ದ. ಅದನ್ನು ಅವಧಿಗೆ ಮೊದಲೇ ಕಳಿಸಿದರೆ, ಅಥವಾ ಅದರ ಜೊತೆಗೆ ಬಿಳಿಯ ಚೆಂಡೂ ಕುಳಿಗೆ ಬಿದ್ದರೆ, ಸೋತ.

ಇಲ್ಲೊಂದು ವಿಚಿತ್ರವಿದೆ. ನಾನು ಆರು ಚೆಂಡುಗಳನ್ನು ಕಳಿಸಿಬಿಟ್ಟಿದ್ದೇನೆ, ಎದುರಾಳಿ ಒಂದನ್ನೂ ಕಳಿಸಿಲ್ಲ ಎಂದಿಟ್ಟುಕೊಳ್ಳೋಣ. ನೋಡುವವರಿಗೆ ನಾನು ಗೆದ್ದಂತೆಯೇ. ಆದರೆ ಮೇಜನ್ನು ಗಮನಿಸಿ: ನನಗೆ ಗುರಿಯಿಡಲು ಉಳಿದಿರುವುದು ಒಂದೇ ಚೆಂಡು, ದಾರಿಗೆ ಅಡ್ಡವಾಗಿ ನಿಂತಿರುವುವು ಅವನ ಏಳೂ ಚೆಂಡುಗಳು. ಅವನಿಗಾದರೋ ಯಾವ ಮೂಲೆಯಿಂದ ನೋಡಿದರೂ ಒಂದಲ್ಲ ಒಂದು ಚೆಂಡು ಕಣ್ಣಿಗೆ ಬೀಳುತ್ತದೆ. ಮುಂದೆ ಹೋದಂತೆಲ್ಲ ನನ್ನ ಆಯ್ಕೆಗಳು ಕಡಿಮೆಯಾಗುತ್ತ ಬಂದಿವೆ. ಮೊದಲ ಚೆಂಡು ತಪ್ಪಿದಾಗ ಬೇರೊಂದಿತ್ತು. ಆರನೆಯದರ ನಂತರ ತಪ್ಪಿದರೆ ಬೇರೊಂದಿಲ್ಲ. ಆಟಗಾರನ ಮನಸ್ಸು ಕದಲುವ ಮೊದಲೇ ಆಟವೇ ಅವನಿಗೆ ಕಠಿಣವಾಗಿರುತ್ತದೆ.

ನಮ್ಮ ಕೇರಂ ಹಲಗೆಯ ಮೇಲೆಯೂ ಇದೇ ನಡೆಯುತ್ತದೆ. ಒಬ್ಬೊಬ್ಬರಿಗೆ ಒಂಬತ್ತು ಕಾಯಿ. ಎಂಟನ್ನು ಕಳಿಸಿದವನ ಒಂದು ಕಾಯಿ ಎದುರಾಳಿಯ ಗುಂಪಿನ ನಡುವೆ ಸಿಕ್ಕಿಬಿದ್ದಿರುವುದನ್ನು ನೀವೆಲ್ಲ ನೋಡಿದ್ದೀರಿ. ಕೇರಮ್ಮಿನ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆಟ 25 ಅಂಕಗಳಿಗೆ; ರಾಣಿಗೆ 3 ಅಂಕ. ಆದರೆ 22 ಅಂಕಗಳನ್ನು ಮುಟ್ಟಿದವನು ರಾಣಿಯನ್ನು ಗೆದ್ದರೂ ಆ 3 ಅಂಕ ಅವನ ಲೆಕ್ಕಕ್ಕೆ ಸೇರುವುದಿಲ್ಲ. ಮುಂದಿದ್ದವನ ಕೊನೆಯ ದಾರಿ ಕಿರಿದಾಗಿಯೇ ಇರಲಿ ಎಂದು ನಿಯಮವೇ ಬಯಸಿದಂತಿದೆ.

ಇನ್ನು ಮನಸ್ಸಿನ ಮಾತು. ಆರಂಭದಲ್ಲಿ ಆಟಗಾರನು ಪಡೆಯುವುದಕ್ಕಾಗಿ ಆಡುತ್ತಾನೆ. ಸಾಕಷ್ಟು ಪಡೆದ ಮೇಲೆ, ತನಗೆ ತಿಳಿಯದಂತೆಯೇ, ಪಡೆದದ್ದನ್ನು ಕಾಯುವುದಕ್ಕಾಗಿ ಆಡತೊಡಗುತ್ತಾನೆ. ಅಮೆರಿಕದ ಪೋಪ್ ಮತ್ತು ಶ್ವೈಟ್ಸರ್ ಎಂಬ ಇಬ್ಬರು ವಿದ್ವಾಂಸರು ವೃತ್ತಿಪರ ಗಾಲ್ಫ್ ಆಟಗಾರರ 25 ಲಕ್ಷಕ್ಕೂ ಮಿಕ್ಕಿದ ಹೊಡೆತಗಳನ್ನು ಪರಿಶೀಲಿಸಿ 2011ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ನಿಗದಿಯಾದ ಹೊಡೆತಗಳ ಮಿತಿಯನ್ನು ಮೀರದಿರಲು ಆಡುವಾಗ ಚೆಂಡು ಕುಳಿಗೆ ಬೀಳುವುದು ಹೆಚ್ಚು; ಅದೇ ದೂರದಿಂದ, ಮಿತಿಗಿಂತ ಒಂದು ಹೊಡೆತದ ಲಾಭಕ್ಕಾಗಿ ಆಡುವಾಗ ಬೀಳುವುದು ಕಡಿಮೆ. ನಷ್ಟ ಎದುರಿಗಿರುವಾಗ ಕೈ ದೃಢವಾಗಿರುತ್ತದೆ, ಲಾಭದಲ್ಲಿರುವಾಗ ಅಳುಕುತ್ತದೆ. ಅಂತರ ಕೆಲವೇ ಅಂಶಗಳದ್ದು. ಆದರೆ ಜಗತ್ತಿನ ಶ್ರೇಷ್ಠರಲ್ಲಿಯೂ ಅದು ಕಂಡಿತು.

ಇದಕ್ಕೆ ಇನ್ನೊಂದು ತೊಡಕು ಕೂಡುತ್ತದೆ. ರೂಢಿಯಾದ ಕೆಲಸವನ್ನು ಕೈ ತಾನಾಗಿ ಮಾಡುತ್ತದೆ. ಜೋಳದ ರೊಟ್ಟಿ ಬಡಿಯುವ ತಾಯಿಯನ್ನು, ‘ಅಂಗೈಯನ್ನು ಎಷ್ಟು ಓರೆಯಾಗಿ ಇಡುತ್ತೀಯೆ?’ ಎಂದು ಕೇಳಿ ನೋಡಿ; ಮುಂದಿನ ರೊಟ್ಟಿ ಹರಿದೀತು. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಅವರು 1984ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದೂ ಇದನ್ನೇ. ಒತ್ತಡದಲ್ಲಿ ಮನುಷ್ಯನ ಗಮನ ಕೆಲಸವನ್ನು ಬಿಟ್ಟು ತನ್ನ ಕೈ ಕೆಲಸ ಮಾಡುವ ರೀತಿಯ ಕಡೆಗೆ ತಿರುಗುತ್ತದೆ. ಆಗ ಕುಶಲತೆ ಕೆಡುತ್ತದೆ. ಮುಂದಿದ್ದವನಿಗೆ ‘ಜೋಪಾನ, ಜೋಪಾನ’ ಎಂದು ನಾವು ಕೂಗಿ ಹೇಳುವಾಗ ಅವನ ಗಮನವನ್ನು ಆ ತಪ್ಪು ಜಾಗಕ್ಕೇ ತಳ್ಳುತ್ತಿರುತ್ತೇವೆ.

ಆದರೆ ಎಲ್ಲ ಹೊಣೆಯನ್ನೂ ಸೋತವನ ಮನಸ್ಸಿನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಎದುರಾಳಿಯೂ ಒಬ್ಬನಿರುತ್ತಾನೆ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ನಮ್ಮ ಪ್ರಕಾಶ್ ಪಡುಕೋಣೆಯವರು ಮರುವರ್ಷವೂ ಅಂತಿಮ ಪಂದ್ಯವನ್ನು ತಲುಪಿದರು. ಇದಿರಿಗಿದ್ದವರು ಹಿಂದಿನ ವರ್ಷ ಅವರಿಗೆ ಸೋತಿದ್ದ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್. ಮೊದಲ ಆಟವನ್ನು ಪ್ರಕಾಶ್ 15–11ರಿಂದ ಗೆದ್ದರು. ಮುಂದಿನ ಎರಡನ್ನು 4–15, 6–15ರಿಂದ ಸೋತರು. ಇದನ್ನು ಪ್ರಕಾಶರ ಕುಸಿತವೆಂದು ಹೇಳುವವನು ಕಿಂಗ್ ಎಂಥ ಆಟಗಾರನೆಂಬುದನ್ನು ಮರೆತಿರುತ್ತಾನೆ. ಆತ 1978 ಮತ್ತು 1979ರಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದಿದ್ದವನು.

1985ರ ವಿಶ್ವ ಸ್ನೂಕರ್ ಅಂತಿಮ ಪಂದ್ಯದ ಕಥೆ ಇನ್ನೂ ಸ್ವಾರಸ್ಯವಾದದ್ದು. 18 ಸುತ್ತುಗಳನ್ನು ಮೊದಲು ಗೆದ್ದವನಿಗೆ ಪ್ರಶಸ್ತಿ. ಸ್ಟೀವ್ ಡೇವಿಸ್ ಮೊದಲ ಎಂಟನ್ನೂ ಗೆದ್ದ. ಡೆನಿಸ್ ಟೇಲರ್ ಒಂದೊಂದಾಗಿ ಹಿಂದಿರುಗಿ ಪಡೆಯುತ್ತ ಬಂದು 17–17ಕ್ಕೆ ತಂದು ನಿಲ್ಲಿಸಿದ. ಕೊನೆಯ ಸುತ್ತಿನಲ್ಲಿ ನಾಲ್ಕೇ ಚೆಂಡುಗಳು ಉಳಿದಾಗಲೂ ಡೇವಿಸ್ 62–44ರಿಂದ ಮುಂದಿದ್ದ. ಟೇಲರ್ ಮೂರನ್ನು ಕಳಿಸಿದ. ಉಳಿದದ್ದು ಕಪ್ಪು ಚೆಂಡೊಂದೇ. ಅದನ್ನು ಡೇವಿಸ್ ತಪ್ಪಿದ, ಟೇಲರ್ ಕಳಿಸಿದ. ಆ ಇಡೀ ಪಂದ್ಯದಲ್ಲಿ, ಸುತ್ತುಗಳ ಲೆಕ್ಕದಲ್ಲಿ, ಟೇಲರ್ ಮುಂದೆ ಬಂದದ್ದು ಆ ಒಂದು ಹೊಡೆತದಿಂದ ಮಾತ್ರ. ಆದರೆ ಮೊದಲ ಎಂಟು ಸುತ್ತುಗಳನ್ನು ಸೋಲದೆ ಗೆಲ್ಲುವುದು ಯಾವ ಆಟಗಾರನಿಗೂ ನಿತ್ಯದ ಮಾತಲ್ಲ. ಅಸಾಧಾರಣವಾದ ಓಟ ಸಾಧಾರಣಕ್ಕೆ ಮರಳುವುದು ಲೆಕ್ಕದ ಸಹಜ ಧರ್ಮ. ಓಟ ಇದ್ದಾಗ ಅದನ್ನು ನಮ್ಮ ಶಕ್ತಿಯೆಂದು ಬಗೆದು, ಅದು ನಿಂತಾಗ ಏನೋ ಕಳೆದುಹೋಯಿತೆಂದು ಹುಡುಕತೊಡಗುತ್ತೇವೆ. ಬಹುಪಾಲು ಆ ಹುಡುಕಾಟದಲ್ಲಿಯೇ ಮುಂದಿನ ಚೆಂಡು ತಪ್ಪುತ್ತದೆ.

ನಮ್ಮ ಸೀಮೆಯ ಜಾತ್ರೆಗಳಲ್ಲಿ ನಡೆಯುವ ಮಣ್ಣಿನ ಕುಸ್ತಿ ಈ ಸಂಕಟದಿಂದ ಪಾರಾಗಿದೆ. ಅಲ್ಲಿ ಅಂಕಗಳ ಗೊಡವೆಯಿಲ್ಲ. ಎದುರಾಳಿಯ ಬೆನ್ನು ನೆಲಕ್ಕೆ ತಾಗಿ ಚಿತ್ ಆದರೆ ಗೆಲುವು. ಅಲ್ಲಿಯವರೆಗೆ ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ಆದ್ದರಿಂದ ಕಾಯುವುದಕ್ಕೂ ಏನೂ ಇಲ್ಲ. ಪೈಲವಾನನ ಕಣ್ಣು ಎದುರಾಳಿಯ ಹೆಗಲನ್ನು ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ. ಅಂಕಗಳಿರುವ ಆಟಗಳಲ್ಲಿಯೂ ನಿಪುಣರು ಮಾಡುವುದು ಹೆಚ್ಚುಕಡಿಮೆ ಇದನ್ನೇ. ಅವರು ಪ್ರತಿ ಹೊಡೆತಕ್ಕೂ ಒಂದೇ ಸಿದ್ಧತೆ, ಒಂದೇ ಲಯ ಇಟ್ಟುಕೊಳ್ಳುತ್ತಾರೆ. ಮುಂದಿದ್ದರೂ ಹಿಂದಿದ್ದರೂ ಅದನ್ನು ಬದಲಿಸುವುದಿಲ್ಲ. ಪೂಲ್ ಆಟದಲ್ಲಿ ಬಲ್ಲವನು ಸುಲಭದ ಚೆಂಡುಗಳನ್ನು ಮೊದಲೇ ಬಾಚಿಕೊಳ್ಳುವುದಿಲ್ಲ. ತೊಡಕಿನವನ್ನು ಮೇಜಿನಲ್ಲಿ ಆಯ್ಕೆಗಳಿರುವಾಗಲೇ ಬಿಡಿಸಿ, ಕಪ್ಪು ಚೆಂಡಿಗೆ ಹೋಗುವ ದಾರಿಯನ್ನು ಆರಂಭದಿಂದಲೇ ತೆರೆದಿಡುತ್ತಾನೆ.

ನೆರೆಮನೆಯ ಹುಡುಗನಿಗೆ ಹೇಳಬೇಕಾಗಿದ್ದುದೂ ಇಷ್ಟೇ. ಸಿಕ್ಕಿಬಿದ್ದ ಆ ಎರಡು ಕಾಯಿಗಳನ್ನು ಇನ್ನಾರು ಕಾಯಿಗಳಿದ್ದಾಗಲೇ ಬಿಡಿಸಬೇಕಾಗಿತ್ತು. ಕೊನೆಗೆ ಹೊಡೆಯುವಾಗ ಮೊದಲಿನಷ್ಟೇ ಹೊತ್ತು ತೆಗೆದುಕೊಳ್ಳಬೇಕಾಗಿತ್ತು. ಇವೆರಡೂ ಕಲಿತರೆ ಬರುವ ವಿದ್ಯೆಗಳು. ಸೊಕ್ಕಿನವನೆಂದು ಕರೆದರೆ ಅವನು ಕಲಿಯುವುದೇನೂ ಇಲ್ಲ. ಮುಂದಿದ್ದು ಸೋತವನು ನಮ್ಮ ಮನೆಯಲ್ಲಿ, ನಮ್ಮ ಶಾಲೆಯಲ್ಲಿ ಎದುರಾದಾಗ, ಅವನ ಗುಣವನ್ನು ತೂಗುವ ಮುನ್ನ ಅವನ ಕೊನೆಯ ಎರಡು ಹೊಡೆತಗಳು ಹೇಗಿದ್ದುವೆಂದು ಕೇಳೋಣ. ಆ ಪ್ರಶ್ನೆಗೆ ಅವನಲ್ಲಿ ಉತ್ತರವಿರುತ್ತದೆ. ಆ ಉತ್ತರ ಅವನನ್ನು ಮತ್ತೆ ಹಲಗೆಯ ಬಳಿಗೆ ಕರೆತಂದೀತು.