ಭಾರ ಎತ್ತಲು ಬರಿಗಾಲೋ, ಬೂಟೋ?

ಗರಡಿಮನೆಯ ಹೊಸ್ತಿಲಿಗೆ ಬಂದ ಪೈಲ್ವಾನ ಮೊದಲು ಕಳಚುವುದು ಚಪ್ಪಲಿಯನ್ನು. ವೇಟ್‌ಲಿಫ್ಟಿಂಗ್ ಕಟ್ಟೆ ಏರುವ ಪಟು ಕೊನೆಯದಾಗಿ ಬಿಗಿಯುವುದು ಬೂಟಿನ ಪಟ್ಟಿಯನ್ನು. ಇಬ್ಬರೂ ಬಲದ ಉಪಾಸಕರೇ. ಆದರೆ ಒಬ್ಬನಿಗೆ ಪಾದರಕ್ಷೆ ನಿಷಿದ್ಧ, ಇನ್ನೊಬ್ಬನಿಗೆ ಕಡ್ಡಾಯ.

ಈಗ ಸಣ್ಣ ಊರುಗಳಿಗೂ ಬಂದಿರುವ ಜಿಮ್‌ಗಳಲ್ಲಿ ಈ ಎರಡು ಪದ್ಧತಿಗಳು ಮುಖಾಮುಖಿಯಾಗಿವೆ. ಒಬ್ಬ ಬರಿಗಾಲಲ್ಲಿ ಕಬ್ಬಿಣ ಎತ್ತುತ್ತಾನೆ, ಮತ್ತೊಬ್ಬ ಓಟದ ಬೂಟು ತೊಟ್ಟೇ ಎತ್ತುತ್ತಾನೆ, ಮೂರನೆಯವನು ದುಬಾರಿ ವೇಟ್‌ಲಿಫ್ಟಿಂಗ್ ಬೂಟು ಕೊಳ್ಳಬೇಕೇ ಎಂದು ಯೋಚಿಸುತ್ತಾನೆ. ಯಾರು ಸರಿ? ಇದು ಹಳತು-ಹೊಸತರ ಜಗಳವೆಂದು ಮೇಲುನೋಟಕ್ಕೆ ತೋರಿದರೂ ಉತ್ತರ ಇರುವುದು ಬೇರೆ ಕಡೆ. ಭಾರವನ್ನು ಯಾವ ಬಗೆಯಲ್ಲಿ ಎತ್ತುತ್ತೇವೆ ಎಂಬುದೇ ಕಾಲಿಗೆ ಏನು ಬೇಕೆಂಬುದನ್ನು ನಿರ್ಧರಿಸುತ್ತದೆ.

ಕದಲಿದ ಪಾದ

ಪಾದದ ಮಹತ್ವ ಈ ಕ್ರೀಡೆಯಲ್ಲಿ ಮೊದಲ ಒಲಿಂಪಿಕ್ಸ್‌ನಷ್ಟೇ ಹಳೆಯದು. 1896ರಲ್ಲಿ ಅಥೆನ್ಸ್‌ನಲ್ಲಿ ಎರಡು ಕೈಗಳಿಂದ ಭಾರ ಎತ್ತುವ ಸ್ಪರ್ಧೆಯಲ್ಲಿ ಡೆನ್ಮಾರ್ಕಿನ ವಿಗ್ಗೋ ಜೆನ್ಸನ್ ಹಾಗೂ ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್ ಇಬ್ಬರೂ 111.5 ಕಿಲೋ ಎತ್ತಿದರು. ತೀರ್ಪು ನೀಡಿದ ಗ್ರೀಸಿನ ರಾಜಕುಮಾರ ಜಾರ್ಜ್, ಜೆನ್ಸನ್ ಶೈಲಿಯೇ ಉತ್ತಮವೆಂದು ಅವರಿಗೆ ಮೊದಲ ಸ್ಥಾನ ಕೊಟ್ಟರು. ಎಲಿಯಟ್ ಭಾರ ಎತ್ತುವಾಗ ಒಂದು ಪಾದವನ್ನು ಕದಲಿಸಿದ್ದರು. ನಂತರ ಒಂದೇ ಕೈಯ ಸ್ಪರ್ಧೆಯಲ್ಲಿ 71 ಕಿಲೋ ಎತ್ತಿ ಗೆದ್ದ ಎಲಿಯಟ್, ಬ್ರಿಟನ್ನಿನ ಮೊದಲ ಒಲಿಂಪಿಕ್ ಚಾಂಪಿಯನ್ ಎನಿಸಿದರು.

ಈ ಎಲಿಯಟ್ 1874ರಲ್ಲಿ ಹುಟ್ಟಿದ್ದು ನಮ್ಮ ಕಲಾದಗಿಯಲ್ಲಿ. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಆ ಊರು ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸಾಹಸವನ್ನು ಇಂದಿಗೂ ಉಳಿಸಿಕೊಂಡಿರುವ ಸೀಮೆ ಅದು.

ಪಾದ ಕದಲಿಸಿದವರಿಗೆ ಈಗಲೂ ವಿನಾಯಿತಿ ಇಲ್ಲ. ಭಾರ ತಲೆಯ ಮೇಲೆ ನಿಂತ ಬಳಿಕ ಎರಡೂ ಪಾದಗಳು ಒಂದೇ ಸಾಲಿಗೆ ಬಂದು ನಿಶ್ಚಲವಾಗಬೇಕು. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಕಟ್ಟೆಯ ಆಚೆ ಪಾದ ತಾಗಿದರೆ ಆ ಯತ್ನವೇ ರದ್ದು.

ಬಸ್ಕಿ ಕಲಿಸುವ ಪಾಠ

ಬೂಟಿಗೆ ಎತ್ತರದ ಹಿಮ್ಮಡಿ ಏಕೆ ಬೇಕಾಯಿತು ಎಂಬುದಕ್ಕೆ ಎತ್ತುವ ವಿಧಾನ ಬದಲಾದ ಇತಿಹಾಸವೇ ಉತ್ತರ. ಹಿಂದಿನ ಅನೇಕ ಪಟುಗಳು ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಭಾರದ ಅಡಿಗೆ ನುಸುಳುತ್ತಿದ್ದರು. ಕಾಲಿಗೆ ತೊಗಲಿನ ಬೂಟು ತೊಡುತ್ತಿದ್ದರು. ಕ್ರಮೇಣ ಎರಡೂ ಕಾಲುಗಳನ್ನು ಅಗಲಿಸಿ ಪೂರ್ತಿ ಕೆಳಗೆ ಕುಳಿತು ಭಾರ ಹಿಡಿಯುವ ಪದ್ಧತಿ ಮೇಲುಗೈ ಪಡೆಯಿತು. ನಿಂತಲ್ಲೇ ನಿಂತು ತೋಳಬಲದಿಂದ ಭಾರವನ್ನು ಮೇಲಕ್ಕೆ ತಳ್ಳುವ ‘ಪ್ರೆಸ್’ ವಿಭಾಗವನ್ನು 1972ರ ಮ್ಯೂನಿಕ್ ಒಲಿಂಪಿಕ್ಸ್ ನಂತರ ಕೈಬಿಡಲಾಯಿತು. ಉಳಿದದ್ದು ಎರಡು: ಒಂದೇ ಎಳೆತದಲ್ಲಿ ತಲೆಯ ಮೇಲಕ್ಕೆ ಒಯ್ಯುವ ‘ಸ್ನ್ಯಾಚ್’ ಮತ್ತು ಮೊದಲು ಭುಜಕ್ಕೆ, ಬಳಿಕ ತಲೆಯ ಮೇಲಕ್ಕೆ ಒಯ್ಯುವ ‘ಕ್ಲೀನ್ ಅಂಡ್ ಜರ್ಕ್’. ಎರಡರಲ್ಲೂ ಭಾರ ಹೊತ್ತು ಆಳಕ್ಕೆ ಕುಳಿತು ಏಳುವುದೇ ಜೀವಾಳ.

ಇಲ್ಲಿಯೇ ಕಣಕಾಲಿನ ಕೀಲಿನ ಪರೀಕ್ಷೆ. ಆಳಕ್ಕೆ ಕುಳಿತಾಗ ಮೊಣಕಾಲು ಪಾದದ ಬೆರಳುಗಳಿಗಿಂತ ಮುಂದೆ ಚಾಚಬೇಕು. ಕಣಕಾಲು ಅಷ್ಟು ಬಾಗದಿದ್ದರೆ ಎರಡರಲ್ಲಿ ಒಂದು ಖಚಿತ: ಹಿಮ್ಮಡಿ ನೆಲದಿಂದ ಏಳುತ್ತದೆ, ಇಲ್ಲವೇ ಎದೆ ಮುಂದಕ್ಕೆ ಬಾಗುತ್ತದೆ. ಎದೆ ಬಾಗಿದರೆ ತಲೆಯ ಮೇಲಿನ ಭಾರ ಮುಂದಕ್ಕೆ ಉರುಳಿತೆಂದೇ ಲೆಕ್ಕ.

ಗರಡಿಯಲ್ಲಿ ಬಸ್ಕಿ ಹೊಡೆಯುವವರನ್ನು ಗಮನಿಸಿದರೆ ಇದು ತಿಳಿಯುತ್ತದೆ. ಕೆಳಗೆ ಕೂರುತ್ತಿದ್ದಂತೆ ಪೈಲ್ವಾನನ ಹಿಮ್ಮಡಿ ತಾನಾಗಿ ಮೇಲೇಳುತ್ತದೆ, ಬೆನ್ನು ನೆಟ್ಟಗೆ ಉಳಿಯುತ್ತದೆ. ಬರಿಮೈಯ ಭಾರಕ್ಕೆ ಅದು ಸರಿ. ನೂರು ಕಿಲೋ ಹೊತ್ತು ತುದಿಗಾಲ ಮೇಲೆ ನಿಲ್ಲಲಾಗದು. ಆಗ ಮೇಲೆದ್ದ ಹಿಮ್ಮಡಿಯ ಕೆಳಗೆ ಗಟ್ಟಿಯಾದ ಆಸರೆಯೊಂದು ಬೇಕು. ವೇಟ್‌ಲಿಫ್ಟಿಂಗ್ ಬೂಟು ಮಾಡುವುದು ಇಷ್ಟೇ ಕೆಲಸ. ಮುಂಗಾಲಿಗಿಂತ ಹಿಮ್ಮಡಿಯನ್ನು ಸುಮಾರು 2 ಸೆಂಟಿಮೀಟರ್ ಎತ್ತರಿಸಿ, ಒತ್ತಿದರೂ ಕುಗ್ಗದ ಗಟ್ಟಿ ಬುಡವನ್ನು ಅದು ಒದಗಿಸುತ್ತದೆ. ಹಿಂದೆ ಈ ಹಿಮ್ಮಡಿಗೆ ಮರವನ್ನೂ ಪದರ ಪದರವಾಗಿ ಜೋಡಿಸಿದ ತೊಗಲನ್ನೂ ಬಳಸುತ್ತಿದ್ದರು. ಈಗ ಹೆಚ್ಚಾಗಿ ಗಟ್ಟಿ ಪ್ಲಾಸ್ಟಿಕ್ ಬಂದಿದೆ.

ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ನಿಯಮಗಳು ಪಾದರಕ್ಷೆಯನ್ನು ಕಡ್ಡಾಯ ಮಾಡಿವೆ. ಅಡಿಪಟ್ಟಿ ಬೂಟಿನ ಅಂಚಿನಿಂದ 5 ಮಿಲಿಮೀಟರ್‌ಗಿಂತ ಹೆಚ್ಚು ಹೊರಚಾಚುವಂತಿಲ್ಲ. ಪಾದ ಅಗಲವಾದಷ್ಟೂ ನಿಲುವು ಸುಲಭವಾಗುತ್ತದೆ, ಅದಕ್ಕೇ ಈ ಕಟ್ಟು. ಆದರೆ ಅಡಿಯ ದಪ್ಪಕ್ಕೆ ಮಿತಿ ಇಲ್ಲ. ಅದನ್ನು ಪಟುವಿನ ಕಣಕಾಲಿಗೇ ಬಿಟ್ಟಿದ್ದಾರೆ.

ತೆಳುವಾದಷ್ಟೂ ಲಾಭ

ಹಾಗಾದರೆ ಬರಿಗಾಲಿನವರು ತಪ್ಪೇ? ಖಂಡಿತ ಅಲ್ಲ. ನೆಲದ ಮೇಲಿನ ಭಾರವನ್ನು ತೊಡೆಯ ಮಟ್ಟಕ್ಕೆ ಎಳೆದು ನೆಟ್ಟಗೆ ನಿಲ್ಲುವ ‘ಡೆಡ್‌ಲಿಫ್ಟ್’ನ ಲೆಕ್ಕವೇ ಬೇರೆ. ದೊಡ್ಡ ತಟ್ಟೆಗಳ ವ್ಯಾಸ 45 ಸೆಂಟಿಮೀಟರ್, ಹೀಗಾಗಿ ಸರಳಿನ ನಡುಭಾಗ ನೆಲದಿಂದ ಸದಾ ಇಪ್ಪತ್ತೆರಡೂವರೆ ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಕಾಲಡಿಗೆ 2 ಸೆಂಟಿಮೀಟರ್ ದಪ್ಪದ ಬೂಟು ಸೇರಿದರೆ ಎತ್ತುವವನು ಅಷ್ಟು ಎತ್ತರವಾಗುತ್ತಾನೆ. ಅಂದರೆ ಅಷ್ಟು ಹೆಚ್ಚು ಬಾಗಬೇಕು, ಅಷ್ಟು ಹೆಚ್ಚು ದೂರ ಎಳೆಯಬೇಕು. ಎತ್ತರದ ಹಿಮ್ಮಡಿ ದೇಹವನ್ನು ಮುಂದಕ್ಕೂ ವಾಲಿಸುತ್ತದೆ. ಇಲ್ಲಿ ಆಳಕ್ಕೆ ಕೂರುವ ಅಗತ್ಯವಿಲ್ಲವಾದ್ದರಿಂದ ಹಿಮ್ಮಡಿಯಿಂದ ಉಪಕಾರವಿಲ್ಲ, ಅಪಕಾರವೇ ಹೆಚ್ಚು.

ಆದ್ದರಿಂದಲೇ ಪವರ್‌ಲಿಫ್ಟಿಂಗ್ ಪಟುಗಳು ಡೆಡ್‌ಲಿಫ್ಟ್‌ಗೆ ಕಾಗದದಷ್ಟು ತೆಳು ಎನಿಸುವ ಅಡಿಯ ಮೆತು ಬೂಟು ತೊಡುತ್ತಾರೆ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ಸ್ಪರ್ಧೆಗಳಲ್ಲಿ ಬರಿಗಾಲಿಗೆ ಅವಕಾಶವಿಲ್ಲ. ಬರಿಗಾಲಿನ ಲಾಭವನ್ನು ನಿಯಮದೊಳಗೇ ಪಡೆಯುವ ಉಪಾಯವಿದು.

ಇವೆರಡರ ನಡುವೆ ನಿಜಕ್ಕೂ ಪೇಚಿಗೆ ಸಿಲುಕುವವನು ಓಟದ ಬೂಟಿನವನು. ಓಡುವಾಗ ಪಾದಕ್ಕೆ ಬೀಳುವ ಪೆಟ್ಟನ್ನು ಹೀರಲೆಂದೇ ಆ ಬೂಟಿಗೆ ಮೆತ್ತನೆಯ ಸ್ಪಂಜಿನ ಅಡಿ ಇರುತ್ತದೆ. ಭಾರ ಎತ್ತುವಾಗ ಅದೇ ಗುಣ ದೋಷವಾಗುತ್ತದೆ. ಹತ್ತಿಯ ಹಾಸಿಗೆಯ ಮೇಲೆ ನಿಂತು ಅಕ್ಕಿಮೂಟೆ ಎತ್ತಿದರೆ ಕಾಲು ಹೇಗೆ ಹೊಯ್ದಾಡುವುದೋ ಹಾಗೆಯೇ ಇಲ್ಲೂ. ಸ್ಪಂಜು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಗ್ಗಿದಂತೆ ಕಣಕಾಲು, ಮೊಣಕಾಲು ಅದರೊಂದಿಗೆ ವಾಲುತ್ತವೆ.

ಕುಸ್ತಿಯಿಂದ ಕಟ್ಟೆಗೆ

ಕರ್ನಾಟಕದ ಹುಡುಗರು ಮಣ್ಣಿನಿಂದ ಕಟ್ಟೆಗೆ ಹತ್ತಿದ ದಾರಿಗೆ ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಒಳ್ಳೆಯ ನಿದರ್ಶನ. ಕುಸ್ತಿಪಟುವಾಗುವ ಆಸೆ ಹೊತ್ತಿದ್ದ ಅವರು ಉಜಿರೆಯ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್‌ಗೆ ತಿರುಗಿದರು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು.

ಪದಕದ ಗುರಿ ಇಲ್ಲದೆ ಆರೋಗ್ಯಕ್ಕಾಗಿ ಭಾರ ಎತ್ತುವವರು ಏನು ಮಾಡಬೇಕು? ಮೊದಲಿಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಬರಿಗಾಲಲ್ಲಿ, ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಕೈಗಳನ್ನು ಮೇಲಕ್ಕೆತ್ತಬೇಕು. ಹಿಂದಕ್ಕೆ ಬೀಳದೆ, ಬೆನ್ನು ಗೂನಾಗದೆ ಕೂರಲು ಸಾಧ್ಯವಾದರೆ ಕಣಕಾಲು ಸಡಿಲವಾಗಿದೆ ಎಂದರ್ಥ. ಹೊಲದಲ್ಲಿ ಕಳೆ ಕೀಳುವವರಿಗೆ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅಭ್ಯಾಸವಿದ್ದವರಿಗೆ ಇದು ಸಲೀಸು. ಕುರ್ಚಿಗೆ ಒಗ್ಗಿದವರಿಗೆ ಕಷ್ಟ. ಕಷ್ಟವೆನಿಸಿದವರಿಗೆ ಎತ್ತರದ ಹಿಮ್ಮಡಿ ನೆರವಾದೀತು, ಆದರೆ ಕಣಕಾಲನ್ನು ಸಡಿಲಗೊಳಿಸುವ ಅಭ್ಯಾಸಕ್ಕೆ ಅದು ಬದಲಿಯಲ್ಲ.

ಹೊಸಬರು ದುಬಾರಿ ಬೂಟಿಗೆ ಆತುರಪಡಬೇಕಿಲ್ಲ. ತೆಳುವಾದ, ಚಪ್ಪಟೆ ರಬ್ಬರ್ ಅಡಿಯ ಕ್ಯಾನ್ವಾಸ್ ಬೂಟು ಹೆಚ್ಚಿನ ಕಸರತ್ತುಗಳಿಗೆ ಸಾಕು. ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಕಲಿಯಲು ನಿಜವಾಗಿ ತೊಡಗಿದ ಮೇಲೆ ವಿಶೇಷ ಬೂಟಿನ ಮಾತು. ಬರಿಗಾಲು ಬಯಸುವವರು ಜಿಮ್‌ನ ನಿಯಮ ವಿಚಾರಿಸಿಕೊಳ್ಳಬೇಕು, ನೆಲ ಶುಚಿಯಾಗಿ, ಒಣಗಿರುವಂತೆ ನೋಡಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬರಿಗಾಲು ಸಲ್ಲದು. ಗಾಯವಾದರೂ ಅವರಿಗೆ ತಿಳಿಯದೇ ಹೋಗಬಹುದು. ಇಪ್ಪತ್ತು ಕಿಲೋ ತಟ್ಟೆ ಕಾಲ ಮೇಲೆ ಬಿದ್ದರೆ ಕ್ಯಾನ್ವಾಸ್ ಬೂಟೂ ಕಾಯಲಾರದು ಎಂಬುದನ್ನು ಮಾತ್ರ ಬೂಟಿನವರೂ ಬರಿಗಾಲಿನವರೂ ಸಮಾನವಾಗಿ ನೆನಪಿಡಬೇಕು.